ಚಿಪ್ ಮೇಲೆ ಹೊರಿಸಿದ ತಪ್ಪು

ಪಕ್ಕದ ಮನೆಯಾಕೆ ಹೆಣಿಗೆ ನಿಲ್ಲಿಸಿದ್ದು ನನ್ನ ಒಂದು ಮಾತಿನಿಂದ. ಒಳ್ಳೆಯ ಮನಸ್ಸಿನಿಂದ ಆಡಿದ ಮಾತು ಎಂದು ಬರೆದುಬಿಡೋಣ ಅನ್ನಿಸುತ್ತದೆ. ಆದರೆ ಅದು ಪೂರ್ತಿ ನಿಜವಲ್ಲ. ಅರ್ಧ ಒಳ್ಳೆಯ ಮನಸ್ಸು, ಅರ್ಧ ಜಂಬ; ಯಾವುದು ಮೊದಲು ಬಾಯಿಗೆ ಬಂತೋ ನನಗೇ ತಿಳಿಯದು.

ನಾನು ಜಾನ್ಸನ್‌ವಿಲ್‌ನಲ್ಲಿ ಮಗಳ ಮನೆಯಲ್ಲಿದ್ದೇನೆ. ಮಗಳು ಈ ಪರದೇಶದ ಊರಿನ ಆಸ್ಪತ್ರೆಯಲ್ಲಿ ನರ್ಸ್. ಮನೆ ಇರುವುದು ಗುಡ್ಡದ ಇಳಿಜಾರಿನಲ್ಲಿ. ಗಾಳಿ ಎದ್ದರೆ ಒಣಗಲು ಹಾಕಿದ ಬಟ್ಟೆ ರೈಲು ಹಳಿಯ ಕಡೆಗೆ ಹೊರಟುನಿಲ್ಲುತ್ತದೆ. ಮರದ ಬೇಲಿಯ ಆಚೆ ಆಕೆಯ ಮನೆ. ಎಂಬತ್ತು ದಾಟಿದ, ಇಲ್ಲೇ ಹುಟ್ಟಿ ಬೆಳೆದ, ಒಬ್ಬಳೇ ಇರುವ ಹೆಂಗಸು. ಸಕ್ಕರೆ ಕಾಯಿಲೆಯಿಂದ ನಡುವಯಸ್ಸಿನಲ್ಲೇ ಎರಡೂ ಕಣ್ಣು ಹೋಗಿವೆ. ಸೀಬೆಯಂಥ ಹಣ್ಣು ಬಿಡುವ ಆಕೆಯ ಫಿಜೋವ ಮರ ನಮ್ಮ ಕಡೆಗೆ ಬಾಗಿರುವುದರಿಂದ ಹಣ್ಣೆಲ್ಲ ನಮ್ಮ ಹಿತ್ತಲಿಗೆ ಬೀಳುತ್ತದೆ. ಬಂದ ಹೊಸತರಲ್ಲಿ ನಾನು ಬೇಸಿನ್ ತುಂಬ ಹಣ್ಣು ಹೊತ್ತು ವಾಪಸ್ ಕೊಡಲು ಹೋಗಿದ್ದೆ. ಆಕೆ ಬಾಗಿಲಲ್ಲಿ ನಿಂತು ನಕ್ಕಿದ್ದಳು: "ಅಯ್ಯೋ ಲವ್, ಈ ಸೀಸನ್‌ನಲ್ಲಿ ಫಿಜೋವ ವಾಪಸ್ ಕೊಡುವವರು ಈ ದೇಶದಲ್ಲಿ ಯಾರೂ ಇಲ್ಲ. ಎಲ್ಲರೂ ಇನ್ನೊಬ್ಬರಿಗೆ ದಾಟಿಸಲು ನೋಡುತ್ತಿರುತ್ತಾರೆ. ಒಳಗೆ ಬಾ, ಟೀ ಮಾಡ್ತೀನಿ." ಇಂಗ್ಲಿಷಿನಲ್ಲೇ ಹೇಳಿದ್ದು, ನನ್ನ ನೆನಪಿನಲ್ಲಿ ಆಕೆಯ ಮಾತೆಲ್ಲ ಕನ್ನಡದಲ್ಲೇ ಕುಳಿತಿದೆ.

ಅಂದಿನಿಂದ ಬೆಳಗಿನ ಟೀ ಅಲ್ಲಿಯೇ. ನನ್ನ ಇಂಗ್ಲಿಷ್ ಆಕೆಗೆ ಇಷ್ಟ. "ನಿನ್ನ ಹಾಗೆ ಮಾತಾಡುವವರು ಈಗ ರೇಡಿಯೋದಲ್ಲೂ ಇಲ್ಲ," ಅನ್ನುತ್ತಾಳೆ. ಬೆಂಗಳೂರಿನ ಕಾನ್ವೆಂಟಿನ ಸಿಸ್ಟರ್‌ಗಳ ಕೊಡುಗೆ ಅದು. ಮಗಳು ಇದನ್ನು ಕೇಳಿದಾಗೆಲ್ಲ ಕಣ್ಣು ಮೇಲೆ ಮಾಡುತ್ತಾಳೆ. "ಅಮ್ಮಂಗೆ ಇನ್ನೇನೂ ಬೇಡ, ಆ ಒಂದು ಸರ್ಟಿಫಿಕೇಟ್ ಸಾಕು."

ಆಕೆಯ ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಪೆಟ್ಟಿಗೆಯಿದೆ. ಬ್ರೆಡ್ ಡಬ್ಬದಷ್ಟು ದೊಡ್ಡದು, ಮರದ ಹೊದಿಕೆ, ಮುಂದೆ ಸ್ಪೀಕರಿನ ಜಾಲರಿ. ಕೆಳಗೆ ಹೊಲಿಗೆ ಯಂತ್ರದ ಪೆಡಲ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಗಂಡ, ಹೆಂಡತಿಯ ಕಣ್ಣು ಹೋದ ಮೇಲೆ ಮಾಡಿಕೊಟ್ಟದ್ದು. ಆಕೆ ಪೆಡಲ್ ಒತ್ತಿದರೆ ಪೆಟ್ಟಿಗೆ ಹೆಣಿಗೆಯ ಪ್ಯಾಟರ್ನ್ ಅನ್ನು ಒಂದೊಂದೇ ಸಾಲು ಓದಿ ಹೇಳುತ್ತದೆ, ನೆಗಡಿಯಾದವರ ದನಿಯಲ್ಲಿ: "ನಿಟ್ ಟೂ. ಯಾರ್ನ್ ಓವರ್. ನಿಟ್ ಟೂ ಟುಗೆದರ್." ಮುಗಿದ ಸಾಲಿನ ಲೆಕ್ಕವನ್ನೂ ಅದೇ ಇಟ್ಟುಕೊಳ್ಳುತ್ತದೆ. ಆಕೆ ಹೆಣೆಯುವುದು ಲೇಸ್ ಶಾಲುಗಳನ್ನು, ಹುಟ್ಟುವ ಮಗುವಿಗೆ ಸುತ್ತುವಂಥವು, ಉಂಗುರದಲ್ಲಿ ತೂರಿಸಬಹುದಾದಷ್ಟು ತೆಳು. ಲೇಸ್ ಎಂದರೆ ಬೇಕೆಂದೇ ಬಿಟ್ಟ ತೂತುಗಳ ಸಾಲು. ಯಾರ್ನ್ ಓವರ್ ಎಂದಾಗ ನೂಲನ್ನು ಸೂಜಿಗೆ ಒಂದು ಸುತ್ತು ಹಾಕಬೇಕು, ಅಲ್ಲಿ ತೂತು ಬೀಳುತ್ತದೆ. ಬೇಕಾದ ತೂತು ಎಲೆಯಾಗುತ್ತದೆ, ಬೇಡದ ತೂತು ತೂತಾಗಿಯೇ ಉಳಿಯುತ್ತದೆ.

ಆ ಪೆಟ್ಟಿಗೆಯೊಳಗೆ ಒಂದು ಮೈಕ್ರೊಪ್ರೊಸೆಸರ್ ಇದೆ, ಜರಿಹುಳುವಿನಂತೆ ಎರಡೂ ಬದಿಗೆ ಕಾಲುಗಳಿರುವ ಕರಿ ಚಿಪ್, ಆ ಜಾತಿಯ ಮೊದಮೊದಲಿನದು. ಅದರ ತಲೆಮಾರು ಮುಗಿದು ಎಷ್ಟೋ ಕಾಲವಾದರೂ ಅದನ್ನು ಕೈಬಿಡದ ಭಕ್ತರು ಜಗತ್ತಿನ ಮೂಲೆ ಮೂಲೆಯಲ್ಲಿದ್ದಾರಂತೆ. ಬಿಡಿಭಾಗ ಹುಡುಕುವವರು, ಪ್ರೋಗ್ರಾಂ ಬರೆಯುವವರು, ಯಾರಾದರೂ ಪ್ರಶ್ನೆ ಕೇಳಿದರೆ ಮರುದಿನವೇ ಉತ್ತರ ಕೊಡುವವರು. ನನಗೆ ಇದನ್ನೆಲ್ಲ ಹೇಳಿದವನು ಧಾರವಾಡದವನು. ವಿದ್ಯಾರ್ಥಿಯಾಗಿ ಬಂದಾಗ ಆಕೆಯ ಹಿತ್ತಲಿನ ಒಂಟಿ ಕೋಣೆಯಲ್ಲಿ ಬಾಡಿಗೆಗಿದ್ದ. ಬೆಸುಗೆ ಹಾಕುವುದನ್ನು ಆಕೆಯ ಗಂಡನಿಂದಲೇ ಕಲಿತ. ಈಗ ಲಿಫ್ಟ್ ಕಂಪನಿಯೊಂದರಲ್ಲಿ ಎಂಜಿನಿಯರ್, ಹೊಟ್ಟೆ ಬಂದಿದೆ, ಕೂದಲು ಹೋಗಿದೆ. ಯಜಮಾನ ತೀರಿಕೊಂಡ ಮೇಲೆ ಪೆಟ್ಟಿಗೆಯ ಯೋಗಕ್ಷೇಮ ಇವನದು. ಆಗಾಗ ಯೂಟ್ ಎಂದು ಇಲ್ಲಿ ಕರೆಯುವ ತನ್ನ ಪಿಕಪ್ ಗಾಡಿ ನಿಲ್ಲಿಸಿ ಬೇಲಿಯ ಮೇಲಿಂದಲೇ ಕೂಗುತ್ತಾನೆ: "ಆಂಟೀ, ಅಜ್ಜಗ ಎಣ್ಣಿ ಸ್ನಾನ ಮಾಡಸಾಕ ಬಂದೇನ್ರೀ! ಚಾ ಇಡ್ರಿ!" ಅಜ್ಜ ಎಂದರೆ ಪೆಟ್ಟಿಗೆ. ಸ್ನಾನ ಎಂದರೆ ಚಿಪ್‌ಗಳನ್ನು ಒಂದೊಂದಾಗಿ ಕಿತ್ತು, ಕಾಲು ಒರೆಸಿ, ಮತ್ತೆ ಕೂರಿಸುವುದು.

ನನಗೂ ಆ ಚಿಪ್‌ಗೂ ಹಳೆಯ ಪರಿಚಯ. ಮದುವೆಗೆ ಮುಂಚೆ, ಆಮೇಲೂ ಹಲವು ವರ್ಷ, ಬೆಂಗಳೂರಿನ ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ನಾನು ಟೆಸ್ಟ್ ಬೆಂಚಿನಲ್ಲಿದ್ದೆ. ಬೆಸುಗೆಯಾಗಿ ಬಂದ ಬೋರ್ಡನ್ನು ಚೌಕಟ್ಟಿಗೆ ಕೂರಿಸಿ, ಹಸಿರು ದೀಪ ಬಂದರೆ ಪಾಸು, ಕೆಂಪು ಬಂದರೆ ಫೇಲು ಅನ್ನುವ ಕೆಲಸ. ಇದನ್ನು ಪಕ್ಕದ ಮನೆಯಾಕೆಗೆ ಹೇಳುವಾಗ ಸ್ವಲ್ಪ ಎತ್ತರಿಸಿಯೇ ಹೇಳಿದ್ದೆ. "ಐ ವಾಸ್ ಇನ್ ದಿ ಇಂಡಸ್ಟ್ರಿ" ಅಂದಿದ್ದೆ. ಕೇಳಲು ಎಷ್ಟು ಚೆನ್ನಾಗಿದೆ, ಅಲ್ಲವೆ?

ಈ ವರ್ಷ, ಫಿಜೋವ ಬೀಳುವ ಕಾಲ. ಆಕೆಯ ಮೊಮ್ಮಗಳು ಬಸುರಿ, ಚಳಿಗಾಲದಲ್ಲಿ ದಿನ ತುಂಬುತ್ತದೆ. ಶಾಲು ಅರ್ಧಕ್ಕಿಂತ ಹೆಚ್ಚೇ ಆಗಿತ್ತು. ಆ ಬೆಳಿಗ್ಗೆ ಆಕೆ ಅದನ್ನು ಮೇಜಿನ ಮೇಲೆ ಹರಡಿ, ಅಂಗೈಯಿಂದ ನೇವರಿಸುತ್ತ ಒಂದು ಕಡೆ ನಿಂತಳು.

"ಇಲ್ಲಿ ಏನೋ ಸರಿಯಿಲ್ಲ, ಅಲ್ವಾ?"

ಬಗ್ಗಿ ನೋಡಿದೆ. ಎಲೆಯೊಂದು ಅರ್ಧಕ್ಕೇ ಹರಿದುಹೋದ ಹಾಗಿತ್ತು. ತೂತು ಬೀಳಬೇಕಾದಲ್ಲಿ ಬಿದ್ದಿರಲಿಲ್ಲ, ಬೀಳಬಾರದ ಕಡೆ ಬಿದ್ದಿತ್ತು. ಅದರ ಮೇಲಿನ ಸಾಲುಗಳೆಲ್ಲ ಆ ತಪ್ಪನ್ನೇ ಹೊತ್ತು ಹೋಗಿದ್ದವು. ಲೇಸ್ ಓದಲು ನನಗೆ ಬರುತ್ತದೆ. ಕಾನ್ವೆಂಟಿನಲ್ಲಿ ನೀಡಲ್‌ವರ್ಕ್ ಸಿಸ್ಟರ್ ಕಲಿಸಿದ್ದರು. ತಪ್ಪಿದವರ ಹೆಣಿಗೆಯನ್ನು ಕ್ಲಾಸಿನ ಮುಂದೆ ಎತ್ತಿ ತೋರಿಸಿ, ನಗುನಗುತ್ತಲೇ ನೂಲು ಎಳೆದು ಬಿಚ್ಚಿಬಿಡುತ್ತಿದ್ದರು. ನಾನು ಹೆಚ್ಚು ತಪ್ಪುತ್ತಿದ್ದವಳಲ್ಲ. ಪಕ್ಕದಲ್ಲಿ ಕೂತವಳ ಮುಖ ನೋಡಲಾಗದೆ ತಲೆ ತಗ್ಗಿಸುತ್ತಿದ್ದವಳು.

ಮತ್ತೂ ನೋಡಿದೆ. ತಪ್ಪಿದ ಜಾಗಗಳೆಲ್ಲ ಒಂದೇ ಥರದವು, ಎಡ ತೋರುಬೆರಳು ನೂಲಿನ ಸುತ್ತನ್ನು ಮುಟ್ಟಿ ತಿಳಿಯಬೇಕಾದ ಕಡೆ. ಬೆರಳಿಗೆ ಗೊತ್ತಾಗಿಲ್ಲ, ಸುತ್ತು ಜಾರಿಹೋಗಿದೆ. ನೋಡಿದ ಕೂಡಲೇ ನನಗೆ ತಿಳಿಯಿತು. ಹೌದು, ತಿಳಿಯಿತು.

"ಈಸ್ ಇಟ್ ಮೀ?" ಎಂದು ಕೇಳಿದಳು ಆಕೆ. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. ಬಹಳ ಸಣ್ಣ ದನಿ.

"ನೋ, ನೋ, ಮೈ ಡಿಯರ್. ನೀನಲ್ಲ," ಅಂದೆ. ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. "ಪೆಟ್ಟಿಗೆ ತಪ್ಪು ಹೇಳಿರಬೇಕು. ಆ ಚಿಪ್ ಇದೆಯಲ್ಲ, ಅದರ ಡಿಸೈನಿನಲ್ಲೇ ದೋಷ ಇತ್ತು. ಲೆಕ್ಕ ಮಾಡುವಾಗ ಕೆಲವೊಮ್ಮೆ ಜಾರುತ್ತೆ. ಎವ್ರಿಬಡಿ ಇನ್ ದಿ ಇಂಡಸ್ಟ್ರಿ ನ್ಯೂ ಇಟ್."

ಆಕೆಯ ಪಾದ ಪೆಡಲಿನಿಂದ ಕೆಳಗಿಳಿಯಿತು.

"ಕೆಲವೊಮ್ಮೆ ಅಂದರೆ?"

"ಕೆಲವೊಮ್ಮೆ. ಯಾವಾಗ ಅಂತ ಹೇಳಕ್ಕಾಗಲ್ಲ."

"ಇಷ್ಟು ವರ್ಷವೂ?"

"ಇರಬಹುದು."

"ಅವನು ಹೇಳಲೇ ಇಲ್ಲ," ಅಂದಳು ಆಕೆ. ಗಂಡನ ಬಗ್ಗೆ ಹೇಳಿದ್ದು. ಆಮೇಲೆ ಟೀ ಸುರಿದಳು, ಹವೆಯ ಬಗ್ಗೆ ಮಾತಾಡಿದಳು. ನಾನು ಬೇಲಿ ದಾಟಿ ಮನೆಗೆ ಬರುವಾಗ, ಒಬ್ಬರ ಮನಸ್ಸು ನೋಯದಂತೆ ನೋಡಿಕೊಂಡೆ ಎಂಬ ಸಮಾಧಾನದಲ್ಲಿದ್ದೆ. ಅದನ್ನು ನೆನೆದರೆ ಈಗ ಕಿವಿ ಬಿಸಿಯಾಗುತ್ತದೆ.

ಹಣ್ಣಿನ ಚಟ್ನಿ ಮಾಡುವ ಗಡಿಬಿಡಿಯಲ್ಲಿ ಕೆಲವು ದಿನ ತಪ್ಪಿ, ಮುಂದಿನ ವಾರ ಹೋದಾಗ ಪೆಟ್ಟಿಗೆಯ ಪ್ಲಗ್ ಕಿತ್ತಿತ್ತು. ಮೇಲೆ ಪಾತ್ರೆ ಒರೆಸುವ ಒಂದು ಟೀ ಟವೆಲ್ ಹೊದಿಸಿತ್ತು, ತೀರಿಕೊಂಡವರ ಮುಖಕ್ಕೆ ಹೊದಿಸಿದ ಹಾಗೆ. ಶಾಲು ಎಲ್ಲೂ ಕಾಣಲಿಲ್ಲ. ದೂರದ ರೊಟೊಟೂನದಲ್ಲಿರುವ ಆಕೆಯ ಮಗ ಫೋನಿನಲ್ಲಿ ಪ್ಯಾಟರ್ನ್ ಓದುವ ಯಾವುದೋ ಆ್ಯಪ್ ಹಾಕಿಕೊಟ್ಟಿದ್ದನಂತೆ. "ಅದು ತುಂಬಾ ಮಾತಾಡುತ್ತೆ ಲವ್. ನಾನು ಕೆಮ್ಮಿದರೆ ಸಾರಿ ಅನ್ನುತ್ತೆ," ಎಂದು ನಕ್ಕಳು. ಕೈಗಳು ಮಾತ್ರ ಮಡಿಲಲ್ಲಿ ಸುಮ್ಮನಿದ್ದವು. ಆಕೆಯ ಕೈ ಖಾಲಿ ಇದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಹಳೆಯ ಶಾಲುಗಳನ್ನು ತೆಗೆದುಕೊಂಡವರಿಗೆಲ್ಲ ಫೋನ್ ಮಾಡಿ ಕೇಳೋಣ ಅಂತಿದ್ದೆ," ಅಂದಳು. "ಎಲ್ಲೆಲ್ಲಿ ತಪ್ಪಿದೆಯೋ. ಪಾಪ, ಯಾರೂ ಹೇಳಿಲ್ಲ. ಕುರುಡಿ ಅಂತ ಸುಮ್ಮನಿದ್ದರೇನೋ."

ನಾನು ಹಣ್ಣಿನ ಚಟ್ನಿಯ ಬಾಟಲಿ ಮೇಜಿನ ಮೇಲಿಟ್ಟು ಎದ್ದು ಬಂದೆ.

ಮರು ಶನಿವಾರ ನಮ್ಮ ಮನೆಯ ಮುಂದೆ ಯೂಟ್ ನಿಂತಿತು. ಧಾರವಾಡದವನು ಬೇಲಿಯ ಆ ಕಡೆಗೆ ಹೋಗದೆ ನೇರ ನಮ್ಮ ಅಡಿಗೆಮನೆಗೇ ಬಂದ. ಚಹಾ ಕೇಳಲಿಲ್ಲ.

"ಆಂಟಿ, ಅಜ್ಜಗ ಏನ್ ಅಂದೀರಿ ನೀವು?"

"ಏನಂದೆನಪ್ಪ?"

"ಏನಂದೆ ಅಂತ ನನ್ನ ಕೇಳ್ತೀರಲ್ರೀ! ನಿನ್ನೆ ಮುದುಕಿ ಫೋನ್ ಮಾಡ್ಯಾಳ. 'ಬಂದು ಪೆಟಗಿ ಒಯ್ಯಿ, ಅದರ ಚಿಪ್‌ನಾಗ ದೋಷ ಐತಂತ, ಇಂಡಸ್ಟ್ರಿಯವರು ಹೇಳ್ಯಾರ' ಅಂತಾಳ. ಯಾವ ಇಂಡಸ್ಟ್ರಿರೀ? ಈ ಓಣ್ಯಾಗ ಎಷ್ಟ್ ಇಂಡಸ್ಟ್ರಿ ಅದಾವ?"

"ನಾವು ಕಾರ್ಖಾನೆಯಲ್ಲಿ ಎಲ್ಲರೂ ಹೇಳ್ತಿದ್ವಪ್ಪ. ಮೊದಲ ಲಾಟ್‌ಗಳಲ್ಲಿ ಡಿಸೈನ್ ಫ್ಲಾ ಇತ್ತು."

ಅವನು ಕುರ್ಚಿ ಎಳೆದು ಕೂತ. "ಕೇಳ್ರಿ. ಈ ಸುದ್ದಿ ನಾನೂ ಕೇಳೇನಿ. ಅಮೇರಿಕಾದಾವ ಒಬ್ಬ ಅಂತಾನ, ಮೊದಲಿನ ಚಿಪ್‌ನಾಗ ಒಂದ್ ಕಮಾಂಡ್ ಕೆಟ್ಟಿತ್ತು. ಜರ್ಮನಿಯಾವ ಅಂತಾನ, ಇಲ್ಲ ಇಲ್ಲ, ಕೂಡೋದು ತಪ್ಪತಿತ್ತು. ಇನ್ನೊಬ್ಬ ಅಂತಾನ, ಬಿಸಿ ಆದ್ರ ಮರತಬಿಡ್ತೈತಿ. ನೀನು ಕಣ್ಣಾರೆ ಕಂಡಿಯೇನಪಾ ಅಂದ್ರ, ಇಲ್ಲ, ನಮ್ಮ ಸಾಹೇಬರು ಹೇಳತಿದ್ರು! ಎಲ್ಲಾರಿಗೂ ಒಬ್ಬ ಸಾಹೇಬ ಹೇಳ್ಯಾನ. ಈಗ ನೀವು ಹೇಳ್ರಿ. ಯಾವ ದೋಷ? ಯಾವ ಲೆಕ್ಕದಾಗ? ಏನ್ ಕೂಡಿಸಿದ್ರ ಏನ್ ಬರತಿತ್ತು?"

ನಾನು ಬಾಯಿ ತೆರೆದೆ. ಹೇಳಲು ಒಂದು ಅಂಕಿಯೂ ಇರಲಿಲ್ಲ. ನಲವತ್ತೈದು ವರ್ಷ ಗೊತ್ತು ಗೊತ್ತು ಅಂದುಕೊಂಡು ಬಂದದ್ದನ್ನು ಕೈ ಹಾಕಿ ತೆಗೆಯಹೋದರೆ ಡಬ್ಬ ಖಾಲಿ. ಅಲ್ಲಿದ್ದದ್ದು ಆ ಟೆಸ್ಟ್ ಬೆಂಚು ಮಾತ್ರ.

ನಮ್ಮ ಕಾರ್ಖಾನೆಯಲ್ಲಿ ಬೆಸುಗೆಯ ಸಾಲಿನಲ್ಲಿದ್ದವರೆಲ್ಲ ಹುಡುಗಿಯರು. ಪ್ರತಿಯೊಬ್ಬಳೂ ತನ್ನ ಬೋರ್ಡಿನ ಮೂಲೆಗೆ ತನ್ನ ಬಣ್ಣದ ಚುಕ್ಕೆ ಇಡಬೇಕಿತ್ತು. ಕೆಂಪು ದೀಪ ಬಂದರೆ ಎಂಜಿನಿಯರ್ ಬಂದು, "ಯಾರ ಬೋರ್ಡಮ್ಮ ಇದು?" ಎಂದು ಚುಕ್ಕೆ ನೋಡುತ್ತಿದ್ದರು. ಬೆಸುಗೆ ಸರಿಯಿಲ್ಲ ಎಂದಾದರೆ ಆ ಹುಡುಗಿಗೆ ಮೆಮೋ. ಎರಡು ಮೆಮೋ ಬಂದವಳನ್ನು ಖಾಯಂ ಮಾಡುತ್ತಿರಲಿಲ್ಲ. ನಾನು ಬೆಂಚಿಗೆ ಹೊಸದಾಗಿ ಬಂದಾಗ ಹಿರಿಯಾಕೆಯೊಬ್ಬಳು ಕಲಿಸಿದ್ದಳು. "ಕೆಂಪು ಬಂದ್ರೆ ಬಾಯ್ಮುಚ್ಕೊಂಡು ಚಿಪ್ ಬದಲಾಯಿಸು. ಬದಲಾಯಿಸೋವಾಗ ಬೆಸುಗೆಗೂ ಒಂದ್ಸಲ ಕಾವು ಮುಟ್ಸು. ಹಸಿರು ಬರತ್ತೆ. ಚಿಪ್‌ದು ತಪ್ಪು ಸಾರ್ ಅನ್ನು. ಚಿಪ್‌ಗೆ ಯಾರೂ ಮೆಮೋ ಕೊಡಕ್ಕಾಗಲ್ಲ ಕಣೆ."

ಹಾಗೇ ಮಾಡಿದೆವು, ಎಲ್ಲರೂ, ವರ್ಷಗಟ್ಟಲೆ. ಅದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಆ ಹುಡುಗಿಯರ ಸಂಬಳದಲ್ಲಿ ಮನೆಗಳು ನಡೆಯುತ್ತಿದ್ದವು. ಆದರೆ ಬೆಂಚಿನಿಂದ ಹೋದ ಮಾತು ಮೇಲೆ ಹತ್ತಿತು. ಇಷ್ಟೊಂದು ಚಿಪ್ ಯಾಕೆ ಕೆಡುತ್ತವೆ ಎಂದು ಎಂಜಿನಿಯರುಗಳು ಯೋಚಿಸಿದರು. ಡಿಸೈನಿನಲ್ಲೇ ಏನೋ ಇರಬೇಕು ಅಂದರು. ಮ್ಯಾನೇಜರುಗಳು ಬಂದ ಅತಿಥಿಗಳಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಕೆಲವು ವರ್ಷದಲ್ಲಿ ನಾವೇ ಹುಟ್ಟಿಸಿದ ಸುಳ್ಳು ಸೂಟು ಬೂಟು ಹಾಕಿಕೊಂಡು ನಮ್ಮ ಬೆಂಚಿಗೇ ವಾಪಸು ಬಂತು. ನಾವು ಎದ್ದು ನಿಂತು ನಮಸ್ಕಾರ ಹೇಳಿದೆವು. ನೋಡಿದ್ರಾ, ಚಿಪ್‌ನಲ್ಲಿ ನಿಜವಾಗಿಯೂ ದೋಷ ಇತ್ತಂತೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಇದನ್ನು ನಾನು ಆಗ ಅವನಿಗೆ ಹೇಳಬೇಕಿತ್ತು. "ಈಗ ನೆನಪಿಲ್ಲಪ್ಪ, ವಯಸ್ಸಾಯಿತು," ಅಂದೆ.

"ಹಂಗಾರ ನಡೀರಿ," ಅಂದ.

ಆ ಮಧ್ಯಾಹ್ನ ಅವನು ಪೆಟ್ಟಿಗೆಯ ಟವೆಲ್ ತೆಗೆದು ಪ್ಲಗ್ ಹಾಕಿದ. ಪ್ಯಾಟರ್ನಿನ ಹಳೆಯ ಅಚ್ಚಿನ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, ಪೆಟ್ಟಿಗೆ ಹೇಳುವುದನ್ನೆಲ್ಲ ಅದರೊಂದಿಗೆ ತಾಳೆ ನೋಡಲು ಹೇಳಿದ. ಅವನು ಪೆಡಲ್ ಒತ್ತುತ್ತ ಹೋದ, ಪೆಟ್ಟಿಗೆ ಹೇಳುತ್ತ ಹೋಯಿತು. ನಾನು ಬೆರಳಿಟ್ಟು ಓದುತ್ತ ಹೋದೆ. ಇಡೀ ಶಾಲು, ಮೊದಲಿನಿಂದ ಕೊನೆಯವರೆಗೆ. ಪೆಟ್ಟಿಗೆಯ ಮೇಲೆ ಬಿಸಿನೀರಿನ ಚೀಲ ಇಟ್ಟು ಮತ್ತೊಮ್ಮೆ. ಒಂದು ಅಕ್ಷರ ತಪ್ಪಲಿಲ್ಲ. ಆಕೆ ತನ್ನ ಕುರ್ಚಿಯಲ್ಲಿ ತಲೆ ವಾಲಿಸಿ ಕೇಳುತ್ತ ಕೂತಿದ್ದಳು.

"ನೋಡಿದಿರಾ?" ಅಂದ ಅವನು ಇಂಗ್ಲಿಷಿನಲ್ಲಿ. "ಚಿನ್ನದಂಥ ಪೆಟ್ಟಿಗೆ."

"ಈಗ ಸರಿಯಾಗಿ ಹೇಳಿತು," ಅಂದಳು ಆಕೆ ಮೆತ್ತಗೆ. "ಆದರೆ ಕೆಲವೊಮ್ಮೆ ಜಾರುತ್ತೆ ಅಂದರಲ್ಲ ಇವರು. ಯಾವಾಗ ಅಂತ ಹೇಳಲಾಗದು. ನೀನು ಇವತ್ತು ನೋಡಿದೆ. ನಾಳೆ?"

ಅವನು ಕೈಚೆಲ್ಲಿ ನನ್ನ ಕಡೆ ನೋಡಿದ. 'ಕೆಲವೊಮ್ಮೆ' ಎಂಬ ಆ ಒಂದು ಮಾತಿಗೆ ಅವನ ಯಾವ ಪರೀಕ್ಷೆಯೂ ಉತ್ತರವಾಗುತ್ತಿರಲಿಲ್ಲ. ಅದನ್ನು ವಾಪಸ್ ತೆಗೆದುಕೊಳ್ಳಬಲ್ಲವಳು ನಾನೊಬ್ಬಳೇ. ತೆಗೆದುಕೊಂಡರೆ ಆಕೆಯ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಪೆಟ್ಟಿಗೆ ಅಲ್ಲವೆಂದರೆ, ಮತ್ತೆ ಯಾರು? ನಾನು ಪುಸ್ತಕ ಮುಚ್ಚಿ, ಕನ್ನಡಕ ಒರೆಸುತ್ತ ಕೂತೆ.

ಯೂಟ್ ಹತ್ತುವಾಗ ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು. "ಆಂಟಿ, ಚಿಪ್ ಕೆಟ್ರ ನನ್ನ ಕಡೆ ಇನ್ನೊಂದು ಐತಿ. ನಿಮ್ಮ ಮಾತ್ ಕೆಟ್ಟೈತಿ. ಅದಕ್ಕ ಸ್ಪೇರ್ ಎಲ್ಲಿಂದ ತರಲಿ?"

ಸಂಜೆ ಶಿಫ್ಟ್ ಮುಗಿಸಿ ಬಂದ ಮಗಳಿಗೆ ಎಲ್ಲ ಹೇಳಿದೆ, ಬೆರಳಿನ ವಿಷಯವನ್ನೂ. ನನ್ನ ಪರ ಒಂದು ಮಾತು ಆಡುತ್ತಾಳೆ ಎಂದು ಆಸೆಯಿತ್ತು. ಅನ್ನ ಬಡಿಸಿಕೊಳ್ಳುತ್ತಿದ್ದವಳು ಸೌಟನ್ನು ಹಾಗೇ ಹಿಡಿದು ನಿಂತಳು.

"ಎಡಗೈ ತೋರುಬೆರಳಾ? ನಿಂಗೆ ಗ್ಯಾರಂಟಿನಾ?"

"ಹೂಂ."

"ಅಮ್ಮ, ಅವರಿಗೆ ಶುಗರ್ ಇದೆ. ಬೆರಳಿನ ತುದಿ ಮರಗಟ್ಟುತ್ತಾ ಇದೆ ಅಂದರೆ ಡಾಕ್ಟರಿಗೆ ಗೊತ್ತಾಗಬೇಕು. ನಾಳೆ ಬಿಸಿ ಕೆಟಲ್ ಮುಟ್ಟಿದರೂ ಗೊತ್ತಾಗಲ್ಲ ಅವರಿಗೆ. ಅದು ಸಿಂಪ್ಟಮ್ ಅಮ್ಮ. ನೀನು ಅದನ್ನ ತಗೊಂಡು ಹೋಗಿ ಒಂದು ಚಿಪ್ ಮೇಲೆ ಹಾಕಿದೀಯ."

"ಬೇಜಾರು ಮಾಡ್ಕೋತಾಳೆ ಅಂತ..."

"ಬೇಜಾರು ಮಾಡ್ಕೊಳ್ಳಿ. ನೀನು ಹೇಳ್ತೀಯಾ, ನಾನು ಹೇಳ್ಲಾ?"

"ನಾನೇ ಹೇಳ್ತೀನಿ."

"ನಾಳೆ," ಅಂದಳು ಮಗಳು. ಅವಳು ಚಿಕ್ಕವಳಿದ್ದಾಗ ಹೋಂವರ್ಕ್ ವಿಷಯಕ್ಕೆ ನಾನು ಹೇಳುತ್ತಿದ್ದ ಅದೇ ಧಾಟಿಯಲ್ಲಿ.

ಮರುದಿನ ಗಾಳಿ ವಿಪರೀತ. ಬೇಲಿ ಬಳಸಿ ಹೋಗುವಷ್ಟು ದೂರದಲ್ಲಿ ಸೆರಗು ಎರಡು ಸಲ ಮುಖಕ್ಕೆ ಬಂತು. ಆಕೆ ಟೀ ಇಡಲು ಹೋದಳು. "ಮೊದಲು ಕೂತುಕೋ," ಅಂದೆ. ಕಾನ್ವೆಂಟಿನ ಇಂಗ್ಲಿಷಿನಲ್ಲಿ ಕ್ಷಮೆ ಕೇಳಲು ಎಷ್ಟೊಂದು ಚೆಂದದ ವಾಕ್ಯಗಳಿವೆ. ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ಆಕೆಯ ಮುಖ ನೋಡಿದಾಗ ಒಂದೂ ಬರಲಿಲ್ಲ.

"ಚಿಪ್‌ನದು ತಪ್ಪಲ್ಲ," ಅಂದೆ. "ಅದರಲ್ಲಿ ದೋಷ ಇತ್ತು ಅನ್ನುವುದಕ್ಕೆ ನನ್ನ ಬಳಿ ಆಧಾರವೇ ಇರಲಿಲ್ಲ. ಹಾಗೆ ಹೇಳುವುದು ನಮ್ಮ ಕಡೆ ಒಂದು ಅಭ್ಯಾಸವಾಗಿತ್ತು." ಕಾರ್ಖಾನೆಯ ಕಥೆ ಹೇಳಿದೆ. ಬಣ್ಣದ ಚುಕ್ಕೆ, ಮೆಮೋ, ಎಲ್ಲ.

"ಅಂದರೆ ನನ್ನ ತಪ್ಪು," ಅಂದಳು.

"ಹೌದು."

"ಎಲ್ಲಿ?"

ಆಕೆಯ ಎಡಗೈ ಹಿಡಿದು ತೋರುಬೆರಳನ್ನು ಒತ್ತಿದೆ. "ಇದು. ಇದಕ್ಕೆ ನೂಲು ಗೊತ್ತಾಗುತ್ತಿಲ್ಲ. ಡಾಕ್ಟರಿಗೆ ತೋರಿಸಬೇಕು ಅಂತ ನನ್ನ ಮಗಳು ಹೇಳಿದಳು."

ಆಕೆ ಆ ಬೆರಳನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಇದ್ದಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ.

"ಕ್ರಿಸ್‌ಮಸ್ಸಿಗೆ ಮಾಡಿದ ನೀಲಿಯದು? ಲವ್ಲಿ ಅಂದಿದ್ದೆ ನೀನು."

"ಅದರಲ್ಲೂ ಒಂದು ಕಡೆ ಇತ್ತು."

"ನೋಡಿದ್ದೆಯಾ?"

"ನೋಡಿದ್ದೆ."

"ನೋಡಿ ಲವ್ಲಿ ಅಂದೆ."

"ಹೌದು."

"ನನಗೆ ಕಾಣುವುದಿಲ್ಲ," ಅಂದಳು ಆಕೆ. ಅದೊಂದು ಹೊಸ ಸುದ್ದಿ ಎಂಬಂತೆ, ಒಂದೊಂದು ಪದವನ್ನೂ ಬಿಡಿಬಿಡಿಯಾಗಿ. "ಬೇರೆಯವರು ಹೇಳಿದ್ದನ್ನು ನಂಬದೆ ನನಗೆ ಬೇರೆ ದಾರಿ ಇಲ್ಲ. ಆ ಪೆಟ್ಟಿಗೆ ಯಾಕೆ ಇಷ್ಟ ಗೊತ್ತಾ? ಅದಕ್ಕೆ ಸಮಾಧಾನ ಮಾಡಲು ಬರುವುದಿಲ್ಲ."

ಆಕೆ ಮೇಜಿನ ಮೇಲೆ ತಡಕಿ ಫೋನನ್ನು ನನ್ನ ಕಡೆ ದೂಡಿದಳು.

"ಅವನಿಗೆ ಫೋನ್ ಮಾಡು. ಈಗಲೇ."

ಮಾಡಿದೆ. ಧಾರವಾಡದವನು ಭಾನುವಾರವೂ ಯಾವುದೋ ಕೆಟ್ಟುನಿಂತ ಲಿಫ್ಟಿನ ಮೇಲಿದ್ದ, ಹಿಂದೆ ಗಡಗಡ ಸದ್ದು. ಕನ್ನಡದಲ್ಲಿ ಹೇಳಿದೆ. "ಹೇಳಿಬಿಟ್ರೇನ್ರಿ?" ಅಂದ. "ಹೇಳಿದೆ." "ಪೂರಾ?" "ಪೂರಾ." "ಮತ್ತ ಛಲೋ ಆತಲ್ರಿ," ಅಂದ ಅವನು, ದನಿ ತುಸು ಇಳಿಸಿ. "ಊಟ ಮಾಡ್ರಿ ಮೊದಲ."

ಫೋನ್ ಇಟ್ಟೆ. ನಾನೂ ಅವನೂ ಆಕೆಯ ಮುಂದೆ ಕನ್ನಡದಲ್ಲಿ ಹರಟಿದ್ದು ಇದೇ ಮೊದಲಲ್ಲ. ಆಕೆ ಯಾವತ್ತೂ ಏನು ಎಂದು ಕೇಳಿದವಳಲ್ಲ. ರೇಡಿಯೋ ಕೇಳಿದ ಹಾಗಿರುತ್ತೆ ಅನ್ನುತ್ತಿದ್ದಳು. ಆ ದಿನ ಕೇಳಿದಳು.

"ಅವನಿಗೆ ಏನು ಹೇಳಿದೆ? ಇಂಗ್ಲಿಷಿನಲ್ಲಿ ಹೇಳು."

ಹೇಳಿದೆ. ಎಲ್ಲ, ಮತ್ತೊಮ್ಮೆ.

ಆಮೇಲೆ ಆಕೆ ಬೀರುವಿನಿಂದ ಶಾಲು ತಂದಳು. ತಪ್ಪು ಶುರುವಾದ ಸಾಲು ಯಾವುದೆಂದು ನಾನು ತೋರಿಸಿದೆ. ಆಕೆ ಬಿಚ್ಚುತ್ತ ಹೋದಳು, ನಾನು ನೂಲು ಸುತ್ತುತ್ತ ಹೋದೆ. ಲೇಸಿನ ನೂಲು ಅಂಟಿಕೊಳ್ಳುತ್ತದೆ, ಬಿಚ್ಚುವುದು ಹೆಣೆಯುವುದಕ್ಕಿಂತ ನಿಧಾನ. ಟೀ ಆಗಲಿಲ್ಲ ಆ ದಿನ. ಹೊರಡುವಾಗ "ಟಾ, ಲವ್" ಅನ್ನುವ ಮಾಮೂಲಿ ಥ್ಯಾಂಕ್ಸೂ ಬರಲಿಲ್ಲ. "ನಾಳೆ ಬಾ. ಓದುವ ಕನ್ನಡಕ ತಾ," ಅಂದಳು.

ಡಾಕ್ಟರಿಗೆ ತೋರಿಸಿದ್ದಾಯಿತು. ಮಗಳೇ ಕರೆದುಕೊಂಡು ಹೋದಳು. ಬೆರಳು ಮೊದಲಿನ ಹಾಗೆ ಆಗುವುದಿಲ್ಲವಂತೆ, ಇನ್ನಷ್ಟು ಕೆಡದ ಹಾಗೆ ನೋಡಿಕೊಳ್ಳಬಹುದಂತೆ. ಆಕೆ ಈಗ ನೂಲನ್ನು ನಡುಬೆರಳಿನಲ್ಲಿ ಹಿಡಿಯಲು ಕಲಿಯುತ್ತಿದ್ದಾಳೆ. ಪೆಟ್ಟಿಗೆ ಮತ್ತೆ ಮಾತಾಡುತ್ತಿದೆ. ಅದರ ಮೇಲೆ ಆಕೆಗೆ ಈಗ ಎಳ್ಳಷ್ಟೂ ಅನುಮಾನವಿಲ್ಲ; ಧಾರವಾಡದವನು ಬಂದರೆ "ಗ್ರ್ಯಾಂಡ್‌ಡ್ಯಾಡ್ ಇಸ್ ಇನ್ ಗುಡ್ ವಾಯ್ಸ್" ಅನ್ನುತ್ತಾಳೆ. ಮಗು ಶಾಲಿಗಿಂತ ಮೊದಲೇ ಬರುವಂತಿದೆ.

ನಾನು ದಿನವೂ ಹೋಗುತ್ತೇನೆ. ಟೀ ಕೂಡ ಮತ್ತೆ ಶುರುವಾಗಿದೆ. ಎರಡೆರಡು ಸಾಲಿಗೊಮ್ಮೆ ಆಕೆ ಹೆಣಿಗೆಯನ್ನು ನನ್ನ ಕಡೆ ಚಾಚುತ್ತಾಳೆ. ತಪ್ಪಿದ್ದರೆ, ಇಲ್ಲಿ ಬಿಟ್ಟಿದ್ದೀಯ ಎಂದು ಬೆರಳಿಟ್ಟು ಹೇಳುತ್ತೇನೆ. ಆಕೆ ಬಿಚ್ಚುತ್ತಾಳೆ. ಅದು ಈಗ ಅಷ್ಟು ಕಷ್ಟವಾಗುವುದಿಲ್ಲ. ಕಷ್ಟವಾಗುವುದು ತಪ್ಪಿಲ್ಲದ ದಿನ. ನಿನ್ನೆ ಹಾಗಾಯಿತು. ಇಡೀ ಸಾಲು ನೋಡಿದೆ, ದೀಪದ ಕೆಳಗೆ ಹಿಡಿದು ಮತ್ತೊಮ್ಮೆ ನೋಡಿದೆ, ಎಲೆಗಳೆಲ್ಲ ಸರಿಯಾಗಿದ್ದವು.

"ಸರಿಯಾಗಿದೆ," ಅಂದೆ.

"ಶ್ಯೂರ್?"

"ಶ್ಯೂರ್."

ಆಕೆ ಶಾಲನ್ನು ನನ್ನ ಕೈಯಿಂದ ತೆಗೆದುಕೊಂಡು ಮುಖದ ಹತ್ತಿರ ತಂದಳು. ಬೆರಳಿಗೆ ತಿಳಿಯದ್ದು ತುಟಿಗೆ ತಿಳಿಯುತ್ತದಂತೆ. ಆ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಒಂದೊಂದು ತೂತಿನಲ್ಲೂ ನಿಲ್ಲುತ್ತ, ಕೆಳದುಟಿಯ ಮೇಲೆ ಎಳೆದುಕೊಂಡಳು. ಅದು ಮುಗಿಯುವವರೆಗೆ ನಾನು ಎದುರಿಗೆ ಕೂತಿದ್ದೆ.